ಪಂಪು ಮಾಡಿದವನ ಸಹಿ

"ಸಹಿಗೆ ನೀರು ಬೇಕಾದ್ರೆ ಹಚ್ಚಿ ನೋಡಪ್ಪ, ಎಂಜಲು ಮಾತ್ರ ಬೇಡ," ಎಂದಳು ಮುದುಕಿ. ಮಾರುವುದಕ್ಕೆ ಒಪ್ಪಿದ್ದರೂ ತಾತನ ಪತ್ರವನ್ನು ಇನ್ನೂ ಎದೆಗೊತ್ತಿಕೊಂಡೇ ಇದ್ದಳು. "ಪಂಪು ಕಂಡುಹಿಡಿದು ನಮ್ಮ ತಾತ ಲೋಕಕ್ಕೆಲ್ಲ ದೊಡ್ಡೋನಾದ. ಆದ್ರೆ ಈ ಸಹಿ ಹಾಕಿದ್ದು ಅಜ್ಜಿ ಕತ್ತು ಹಿಸುಕಿದ ಕೈಯಲ್ಲೇ. ಪಂಪಿನ ನಕ್ಷೇನ ಅಜ್ಜೀನೇ ಯಾರಿಗೋ ಮಾರಿದ್ಲು ಅಂತ ಸಿಟ್ಟು. ಸಾಯಿಸಿದ್ರೂ ಸಿಟ್ಟು ಇಳೀಲಿಲ್ಲ. ಮಂತ್ರವಾದಿ ಕೊಟ್ಟ ಬೂದೀನ ಶಾಯಿಗೆ ಕಲಸಿದ. ಯಾರ ಎಂಜಲು ತಗಲುತ್ತೋ ಅವರ ಕೈ ಅವನದಾಗುತ್ತೆ."

"ಒಳ್ಳೇದೇ ಆಯ್ತಲ್ಲಜ್ಜಿ! ನಾನೂ ಒಂದು ಪಂಪು ಕಂಡುಹಿಡೀತೀನಿ," ಎಂದು ನಕ್ಕ ಸಹಿರಾಯ.

ಪುಸ್ತಕಕ್ಕೆ ರಟ್ಟು ಕಟ್ಟುವುದು ಅವನ ಕಸುಬು. ಹೊಸ ಯಂತ್ರ ಕಂಡುಹಿಡಿದ ಮಹಾಶಯರು ಸಹಿ ಹಾಕಿದ ಪತ್ರ ಕೂಡಿಡುವುದು ಹುಚ್ಚು. ಸಹಿರಾಯ ಎಂಬ ಹೆಸರು ಹೆಂಡತಿಯೇ ಇಟ್ಟದ್ದು. "ಸತ್ತವರ ಸಹಿ ಕಂಡ್ರೆ ಜೊಲ್ಲು ಸುರಿಸ್ತಾರೆ, ಬದುಕಿರೋ ಹೆಂಡ್ತಿ ಕರೆದ್ರೆ ಕಿವಿ ಕೇಳಲ್ಲ," ಎಂದು ಗಿರಾಕಿಗಳೆದುರು ಆಡಿಕೊಂಡು ನಗುತ್ತಿದ್ದಳು. ಆ ನಗು ಕೇಳದಿದ್ದ ದಿನ ಅವನಿಗೆ ಸೂಜಿಗೆ ದಾರವೇ ಪೋಣಿಸಲಾಗುತ್ತಿರಲಿಲ್ಲ.

ಈ ಹುಚ್ಚಿನವರಲ್ಲಿ ಒಂದು ರೂಢಿಯಿದೆ. ಸಹಿ ಕೈಯದೋ ಅಚ್ಚಿನದೋ ತಿಳಿಯಲು ಬೆರಳನ್ನು ನಾಲಗೆಗೆ ತಾಗಿಸಿ ಕೊನೆಯ ಅಕ್ಷರದ ಬಾಲವನ್ನು ಸವರುತ್ತಾರೆ. ಶಾಯಿಯಾದರೆ ಬೆರಳಿಗೆ ಹತ್ತುತ್ತದೆ. ನೀರು ಹರಡಿ ಕಾಗದ ಕೆಡಿಸುತ್ತದೆ. ಎಂಜಲು ಹಚ್ಚಿದಲ್ಲೇ ನಿಲ್ಲುತ್ತದೆ. ಇಷ್ಟು ವರ್ಷದ ರೂಢಿಯನ್ನು ಮುದುಕಿಯೊಬ್ಬಳ ಮಾತಿಗೆ ಬಿಟ್ಟಾನೆಯೇ?

ಅಂಗಡಿಯ ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲು. ಕಿಟಕಿಯೆತ್ತರಕ್ಕೂ ರಟ್ಟಿನ ಅಟ್ಟಿ. ಹುಳಿತ ಅಂಟಿನ, ಚರ್ಮದ, ಯಂತ್ರದೆಣ್ಣೆಯ ವಾಸನೆ. ಕೊಂಡು ತಂದ ಪತ್ರವನ್ನು ಮೇಜಿನ ಮೇಲೆ ಹರಡಿ ಅವನು ಬೆರಳು ನೆಕ್ಕಿ ಸವರಿದ. ಕಂದು ಹತ್ತಿತು. ಅಸಲಿ!

ಆಮೇಲೆ ಸುಟ್ಟ ಕೂದಲಿನ ವಾಸನೆ ಬಂತು. ಬೆರಳಿನ ಕಂದು ಇರುವೆಸಾಲಿನಂತೆ ಮಣಿಕಟ್ಟಿಗೆ ಹತ್ತಿತು. ಒರೆಸಿದ. ಹೋಗಲಿಲ್ಲ. ಬಲಗೈ ಅವನನ್ನು ಕೇಳದೆ ಎದ್ದು, ಮೇಜಿನ ಮೇಲೆ ಉಗುರಿನಿಂದ ಗೀಚತೊಡಗಿತು. ಅದೇ ಸಹಿ. ಮತ್ತೆ ಅದೇ ಸಹಿ. ಉಗುರು ಕಿತ್ತು ಬಂದರೂ ನಿಲ್ಲಲಿಲ್ಲ.

"ಊಟಕ್ಕೆ ಬರ್ತೀರೋ, ಸಹೀನೇ ತಿಂತೀರೋ?" ಹೆಂಡತಿ ನಗುತ್ತಾ ಒಳಗೆ ಬಂದಳು.

ಕೈ ನೆಗೆಯಿತು. ಅವನನ್ನೂ ಹಿಂದೆಯೇ ಎಳೆದುಕೊಂಡು ಹೋಯಿತು. ಅವಳ ತಲೆ ಕಪಾಟಿಗೆ ಬಡಿಯಿತು. ಬೆರಳು ಕತ್ತಿನಲ್ಲಿ ಹೂತವು.

"ಬಿಡ್ರೀ... ರೀ..."

"ನಾನಲ್ಲ ಕಣೇ! ನಾನಲ್ಲ!"

ಎಡಗೈಯಲ್ಲಿ ರಟ್ಟು ಹೊಲಿಯುವ ದಬ್ಬಳ ಹಿಡಿದು ತನ್ನದೇ ಮಣಿಕಟ್ಟಿಗೆ ಚುಚ್ಚಿದ. ರಕ್ತ ಚಿಮ್ಮಿತು. ಹಿಡಿತ ಬಿಗಿಯಾಯಿತು. ಅವಳ ಕಣ್ಣು ಮೇಲೆ ಸರಿದವು. ಮತ್ತೆ ಚುಚ್ಚಿದ. ತಿರುಪಿದ. ನರ ಹರಿಯಿತು. ಬೆರಳು ಸಡಿಲವಾದವು. ಒಂದೇ ಉಸಿರಿನಲ್ಲಿ ಆ ಕೈಯನ್ನು ಕಾಗದ ಕತ್ತರಿಸುವ ಯಂತ್ರದ ಅಲಗಿನ ಕೆಳಗೆ ತಳ್ಳಿ ಮೈಯೆಲ್ಲ ಹೇರಿ ಒತ್ತಿದ.

"ಅಲಗಿನ ಹಿಡಿ ಎಳೀ!"

"ಆಗಲ್ಲ, ನನ್ ಕೈಲಾಗಲ್ಲ..."

ಬೆರಳು ಅವಳತ್ತ ಮತ್ತೆ ತೆವಳತೊಡಗಿದವು.

"ಎಳೀ ಅಂದ್ನಲ್ಲ!"

ಅವಳು ಕಿರುಚಿ ಹಿಡಿಗೆ ಜೋತುಬಿದ್ದಳು. ಅಲಗು ಇಳಿಯಿತು. ಮೂಳೆಯಲ್ಲಿ ಸಿಕ್ಕಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಜೋತುಬಿದ್ದಳು. ಕೈ ನೆಲಕ್ಕೆ ಬಿತ್ತು. ಮೀನಿನ ಹಾಗೆ ಒದ್ದಾಡಿತು. ಅಂಟು ಕಾಯಿಸುವ ಒಲೆಗೆ ಅವಳೇ ಅದನ್ನೂ ಪತ್ರವನ್ನೂ ಇಕ್ಕಳದಲ್ಲಿ ಎತ್ತಿ ಹಾಕಿದಳು. ಅವನು ಅಲ್ಲೇ ಕುಸಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ಕತ್ತಿನ ಮೇಲೆ ಬೆರಳುಗಳ ನೀಲಿ ಬಾಸುಂಡೆ. ದನಿ ಒಡೆದುಹೋಗಿತ್ತು.

"ಈಗ ನೀವೇ ಅಲ್ವಾ?"

"ನಾನೇ ಕಣೇ. ಪೂರ್ತಿ ನಾನೇ."

"ಗೊತ್ತು ಬಿಡಿ," ಎಂದಳು. ನಗಲು ನೋಡಿದಳು.

ಅವನು ಅವಳ ಕೆನ್ನೆಯತ್ತ ಎಡಗೈ ಚಾಚಿದ. ಅವಳ ಸ್ಟೂಲು ಕಿರ್ರೆಂದು ಹಿಂದಕ್ಕೆ ಸರಿಯಿತು.