ಅಲ್ಸೀದೆಸ್‌ನ ಕಲ್ಲು

ಮೊಂತೆವಿದೆಯೊ ನಗರದ ನಮ್ಮ ವಸತಿ ಸಮುಚ್ಚಯ ಕಟ್ಟಿದ ವಾಸ್ತುಶಿಲ್ಪಿಗೆ ನೆರೆಹೊರೆಯವರೆಲ್ಲ ಒಟ್ಟಿಗೆ ಕೂರಬೇಕೆಂಬ ಹುಚ್ಚು. ಪ್ರತಿ ಮನೆಯ ಬಾಗಿಲಿಗೂ ಅಂಗಳದ ಕಡೆ ಒಂದು ಕಲ್ಲಿನ ಆಸನ ಹಾಕಿಸಿದ. ಅವನಿಗೇನು, ಕಟ್ಟಿಸಿ ಹೋದ.

ಸಂಜೆ ಎದುರುಮನೆಯ ನೆಲಿದಕ್ಕ ಸೋರೆಬುರುಡೆಯಲ್ಲಿ ಚಹಾದಂಥ ಮಾಟೆ ಸೊಪ್ಪಿಗೆ ಬಿಸಿನೀರೆರೆದು ಸರದಿಯಂತೆ ಕೊಡುತ್ತಾಳೆ. ಅದರಲ್ಲಿಟ್ಟ ಕೊಳವೆ ಗೊರಗೊರ ಅನ್ನುವವರೆಗೆ ಹೀರಿ ವಾಪಸು ಕೊಡಬೇಕು. ಸಾಕಾದವರು ಥ್ಯಾಂಕ್ಸ್ ಅನ್ನಬೇಕು. ಅನ್ನದಿದ್ದರೆ ಬುರುಡೆ ಮತ್ತೆ ಬರುತ್ತದೆ.

ನನ್ನ ಪಕ್ಕದ ಮನೆಯ ಅಲ್ಸೀದೆಸ್ ಚಳಿಗಾಲದಲ್ಲಿ ತೀರಿಕೊಂಡ. ಆಮೇಲೊಂದು ಸಂಜೆ ನೆಲಿದಕ್ಕ ಅಭ್ಯಾಸಬಲದಿಂದ ಅವನ ಕಲ್ಲಿನ ಮೇಲೂ ಬುರುಡೆ ಇಟ್ಟಳು. ಗೊರಗೊರ ಸದ್ದಾಯಿತು. ಎತ್ತಿ ನೋಡಿದರೆ ಖಾಲಿ. ನಾನು ಕಲ್ಲು ಮುಟ್ಟಿದೆ, ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು.

"ಇನ್ನು ಬಿಟ್ಬಿಡಕ್ಕ," ಅಂದೆ.

"ಹೆಂಗ್ ಬಿಡ್ಲಿ? ಅವ್ನು ಥ್ಯಾಂಕ್ಸ್ ಅಂದಿಲ್ವಲ್ಲ."

ಅವಳು ಬುರುಡೆಗೆ ಮತ್ತೆ ನೀರೆರೆದಳು. ಅಂದಿನಿಂದ ದಿನವೂ ಹಾಗೇ. ನಾವೆಲ್ಲ ಎದ್ದುಹೋದರೂ ಅವಳೊಬ್ಬಳು ಆ ಕಲ್ಲಿಗೆ ನೀರೆರೆದು ಕೊಡುತ್ತಾ ಕೂರುತ್ತಿದ್ದಳು. ನೋಡಲಾಗದೆ ನಿನ್ನೆ ಅವನ ಪರವಾಗಿ ನಾನೇ ಥ್ಯಾಂಕ್ಸ್ ಅಂದುಬಿಟ್ಟೆ.

ಇವತ್ತು ಅವನ ಕಲ್ಲು ತಣ್ಣಗಿದೆ. ನನ್ನ ಕಲ್ಲು ನಾನು ಕೂರುವ ಮೊದಲೇ ಬೆಚ್ಚಗಿತ್ತು. ನೆಲಿದಕ್ಕ ನಗುತ್ತಾ ನನಗೆ ತುಂಬಿದ ಬುರುಡೆ ಕೊಟ್ಟಳು. ನಾನಿನ್ನೂ ಬಾಯಿಗಿಟ್ಟಿರಲಿಲ್ಲ, ಕೈಯಲ್ಲೇ ಕೊಳವೆ ಗೊರಗೊರ ಅಂದಿತು.