ಖಾಲಿ ಅಂಗೈ

ಉಜ್ವಲಾಳಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ದೇವರ ಬಗ್ಗೆ ಉಳಿದದ್ದೆಲ್ಲ ಗೊತ್ತಿತ್ತು.

ಅವಳ ಅಪ್ಪ ಉದಗೀರಿನಲ್ಲಿ ಪಾಸ್ಟರ್. ಸಂಡೇ ಸ್ಕೂಲಿನ ಸ್ಪರ್ಧೆಗಳಲ್ಲಿ ಅವಳು ಗೆದ್ದ ಕಪ್ಪುಗಳಿಂದ ಮನೆಯ ಶೋಕೇಸು ತುಂಬಿತ್ತು. ಪ್ರವಾದಿಗಳ ಹೆಸರನ್ನು ಸಾಲಾಗಿ ಹೇಳುತ್ತಿದ್ದಳು. ಶಿಲುಬೆಗೆ ಯಾವ ಮರ ಬಳಸಿರಬಹುದು ಎಂಬ ವಾದಗಳೂ ಗೊತ್ತಿದ್ದವು. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಮಾತ್ರ ಎದುರಿಗೆ ಯಾರೂ ಇರುತ್ತಿರಲಿಲ್ಲ. ಅದು ಅವಳನ್ನು ಕಾಡಿದ್ದೂ ಇಲ್ಲ. ನೌಕರಿ ಇತ್ತು, ಸಂಬಳ ಇತ್ತು, ಭಾನುವಾರ ಹಾಡಲು ಒಳ್ಳೆಯ ದನಿ ಇತ್ತು.

ನೌಕರಿ ನಿಲಂಗಾದಲ್ಲಿ, ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ವಾರವೆಲ್ಲ ಅಲ್ಲೇ ಬಾಡಿಗೆ ರೂಮಿನಲ್ಲಿದ್ದು, ಶನಿವಾರ ಉದಗೀರಿಗೆ ಹೋಗಿ, ಸೋಮವಾರ ನಸುಕಿನ ಎಸ್‌ಟಿ ಬಸ್ಸಿಗೆ ಮರಳುತ್ತಿದ್ದಳು. ಅಂಥ ಒಂದು ಸೋಮವಾರ ಬಸ್ಸು ಕೆಟ್ಟು ಧಾಬಾದ ಮುಂದೆ ನಿಂತಿತು. ಅವಳು ಡಬ್ಬಿ ತೆರೆದಳು. ಅವ್ವ ಕಟ್ಟಿಕೊಟ್ಟ ಚುರುಮುರಿ ಸುಸಲಾ. ಪಕ್ಕದ ಸೀಟಿನ ಹುಡುಗನಿಗೂ ಚಾಚಿದಳು.

ಅವನು ಅವಳ ಕೊರಳಿನ ಶಿಲುಬೆ ನೋಡಿದ, ಡಬ್ಬಿ ನೋಡಿದ, ತಲೆ ಅಲ್ಲಾಡಿಸಿದ. "ಈಗ ಬ್ಯಾಡ್ರಿ."

ಇಂಥ ಬೇಡಗಳನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. "ಕ್ರಿಸ್ತೀನರ ಮನೀದು ಅಂತ ಬ್ಯಾಡೇನ್ರಿ?" ಎಂದು ಸುತ್ತಲಿನವರಿಗೆ ಕೇಳುವಂತೆಯೇ ಕೇಳಿದಳು.

ಅವನ ಕಿವಿಗಳು ಕೆಂಪಾದವು. ಬಸ್ಸಿನಿಂದ ಇಳಿದುಹೋದ. ಧಾಬಾದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇವಿನ ಗಿಡದ ಕೆಳಗೆ ಕೂತ. ಅಂಗಿಯೊಳಗಿನ ಬೆಳ್ಳಿ ಕರಡಗಿ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ತನ್ನ ಅಂಗೈ ನೋಡುತ್ತ ಕೂತಿದ್ದ, ಬಹಳ ದಿನಕ್ಕೆ ಬಂದ ಯಾರದೋ ಮಾತು ಕೇಳುವವನ ಹಾಗೆ.

ಆಮೇಲೆ ಎದ್ದು ಬಂದು ಕಿಟಕಿಯ ಹೊರಗೆ ನಿಂತ. "ಈಗ ಕೊಡ್ರಿ. ಪೂಜಾ ಆಗೋತನಕ ನಾ ನೀರೂ ಕುಡಿಯಂಗಿಲ್ಲ. ಹೊಟ್ಟಿ ಹಸದದ, ಮ್ಯಾಲ ನಿಮ್ಮ ಕಡಿಂದ ಬೈಸಿಕೊಂಡೀನಿ."

ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಅವನು ಅರ್ಧ ಡಬ್ಬಿ ಖಾಲಿ ಮಾಡಿದ. ವಾಪಸ್ಸು ಕೊಡುವಾಗ ಅವಳು ಹಿಡಿದ ಮೇಲೂ ಒಂದು ಕ್ಷಣ ಡಬ್ಬಿ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಅವನು ರವಿಕಾಂತ. ನಿಲಂಗಾದ ಮೊಂಢಾದಲ್ಲಿ, ಅಂದರೆ ಕಾಳಿನ ಮಾರ್ಕೆಟ್ಟಿನಲ್ಲಿ, ಅಪ್ಪ ವಿಶ್ವನಾಥಪ್ಪನವರ ಅಡತ್ ಅಂಗಡಿ. ರೈತರು ತಂದ ತೊಗರಿ, ಸೋಯಾಬೀನ್ ತೂಗಿ ಮಾರಿಸುವ ಕೆಲಸ. ಲಿಂಗಾಯತರು. ಮುಂದಿನ ಸೋಮವಾರಗಳಲ್ಲೂ ಅವನಿಗೆ ಉದಗೀರಿನಿಂದ ಬರುವ ಕೆಲಸ ಹೇಗೋ ಹುಟ್ಟಿಕೊಳ್ಳುತ್ತಿತ್ತು. ಕಿಟಕಿ ಸೀಟು ಅವಳಿಗೆ ಬಿಡುತ್ತಿದ್ದ. ಅವಳು ಹೊರಗೆ ನೋಡುತ್ತಿದ್ದಳು, ಗಾಜಿನಲ್ಲಿ ಅವನು ಕಾಣುತ್ತಿದ್ದ. ಅದು ಅವನಿಗೆ ಗೊತ್ತಾದ ದಿನ ಗಾಜಿಗೇ ನಕ್ಕ.

ಮದುವೆಯ ಮಾತು ಬಂದಾಗ ಅವನ ಅವ್ವ ಕುಸುಮಬಾಯಿ ಜಗಳ ತೆಗೆಯಲಿಲ್ಲ. ಲಿಂಗದೀಕ್ಷೆ ತಗೊಂಡರೆ ಹುಡುಗಿ ನಮ್ಮಾಕಿ ಎಂದರು. ಲಿಂಗ ಇಲ್ಲದವರು ಮಾಡಿದ ಅಡಿಗೆ ಅವರು ಉಣ್ಣುತ್ತಿರಲಿಲ್ಲ, ಅಷ್ಟೇ ಅವರ ಷರತ್ತು. ಉಜ್ವಲಾ ತಕ್ಷಣ, ಆಗಲಿ ಎಂದಳು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಾಗಲೂ ಅವಳು ಅದಕ್ಕಿಂತ ಹೆಚ್ಚು ಯೋಚಿಸುತ್ತಿದ್ದಳು. ಕುಸುಮಬಾಯಿ ಖುಷಿಪಟ್ಟು ಶಾಣ್ಯಾ ಹುಡುಗಿ ಎಂದರು. ರವಿಕಾಂತ ಮಾತ್ರ, ಇಷ್ಟು ಬೇಗ ಯಾಕೆ ಒಪ್ಪಿದಳು ಎನ್ನುವ ಹಾಗೆ ಅವಳ ಮುಖ ನೋಡಿದ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಅಪ್ಪನಿಗೆ ಹೇಳಿದಳು. ಅಪ್ಪ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆ ಮಡಚುತ್ತಿದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದಳು. ಅವರು ಮಡಿಕೆಯನ್ನು ಕೈಯಿಂದ ತೀಡಿದರು.

"ನಿನಗ ಬಿಡೋದು ಏನಾರ ಇದ್ದಿದ್ರ ನಾ ತಡೀತಿದ್ದೆ, ಬೇಟಾ," ಎಂದರು.

ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಕಪ್ಪುಗಳನ್ನು ಒರೆಸಿ ಒರೆಸಿ ಇಡುತ್ತಿದ್ದವರು ಅವರೇ.

ದೀಕ್ಷೆಗೆ ಮೊದಲು ಅಭ್ಯಾಸ ಇರಲಿ ಎಂದು ರವಿಕಾಂತ ಅಂಗಡಿಯ ಹಿಂದಿನ ಕೋಣೆಯಲ್ಲಿ, ತೊಗರಿ ಚೀಲಗಳ ನಡುವೆ, ಅವಳಿಗೆ ಪೂಜೆಗೆ ಕೂರುವುದನ್ನು ಕಲಿಸಿದ. ಎಡಗೈ ಎದೆಯ ಮಟ್ಟಕ್ಕೆ, ಅಂಗೈ ಮೇಲ್ಮುಖ, ಬೆರಳು ಸಡಿಲ. ಅವಳ ಮಣಿಕಟ್ಟು ಹಿಡಿದು ಎತ್ತರ ಸರಿಮಾಡಿದ. ಸರಿಯಾದ ಮೇಲೂ ಹಿಡಿದೇ ಇದ್ದ. ಇದೂ ಪೂಜಾದಾಗ ಬರ್ತದೇನು ಎಂದು ಕೇಳಿದಳು. ಅವನು ಕೈ ಬಿಟ್ಟು ಗಲ್ಲ ಕೆರೆದುಕೊಂಡ.

ಅವಳು ಎಂದಿನಂತೆ ಅರ್ಥ ಕೇಳಿದಳು. ಯಾಕೆ ಎಡಗೈ, ಕಣ್ಣು ಮುಚ್ಚಬೇಕೋ ತೆರೆಯಬೇಕೋ, ಮನಸ್ಸಿನಲ್ಲಿ ಏನು ತರಬೇಕು.

"ನಾ ಏನೂ ತಿಳಕೊಳ್ಳಾಕ ಕೂಡ್ರಂಗಿಲ್ಲ, ಉಜ್ಜೂ. ಅಂವಾ ಇರ್ತಾನ, ನಾ ಕೂಡ್ರತೀನಿ. ನೀ ನಿನ್ನ ದೇವರ ಸಂಗಟ ಹಿಂಗ ಕೂತಿಲ್ಲೇನು?"

ಅವಳು ತೊಗರಿ ಚೀಲದ ಹೊಲಿಗೆ ನೋಡಿದಳು. ದೀಕ್ಷೆಯಾಗುವ ತನಕ ಲಿಂಗವಿಲ್ಲವಲ್ಲ, ಖಾಲಿ ಅಂಗೈಯಲ್ಲೇ ಕೂತು ರೂಢಿ ಮಾಡಿಕೋ ಎಂದು ಹೇಳಿ ಅವನು ಅವಳನ್ನು ಕಳಿಸಿದ.

ರೂಮಿನಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ ಅವಳು ಚಾಪೆಯ ಮೇಲೆ ಕೂರತೊಡಗಿದಳು. ಮೊದಮೊದಲು ಬೇಜಾರು. ಎರಡು ಧರ್ಮಗಳನ್ನು ಹೋಲಿಸುತ್ತ ತಲೆಯಲ್ಲೇ ಒಂದು ಒಳ್ಳೆಯ ಭಾಷಣ ತಯಾರಾಯಿತು. ಭಾಷಣ ಮುಗಿದ ಮೇಲೂ ಕೈ ಇತ್ತು. ಖಾಲಿ ಕೈ, ಉಗುರಿನ ಸಂದಿಯಲ್ಲಿ ಸೀಮೆಸುಣ್ಣ.

ಒಂದು ಬೆಳಿಗ್ಗೆ ಅವಳಿಗೆ, ತಾನು ಭಾನುವಾರ ಪಾಠ ಹೇಳುತ್ತಿದ್ದ ಸಂಡೇ ಸ್ಕೂಲಿನ ಒಬ್ಬ ಹುಡುಗಿ ನೆನಪಾದಳು. ಆ ಹುಡುಗಿ ಚಿತ್ರದಲ್ಲಿ ಯೇಸುವಿನ ಅಂಗೈಗೆ ಮೊಳೆ ಬರೆದಿದ್ದಳು. ಉಜ್ವಲಾ ಕೆಂಪು ಪೆನ್ನಿನಿಂದ ತಿದ್ದಿದ್ದಳು: ಅಂಗೈ ದೇಹದ ಭಾರ ತಡೆಯುವುದಿಲ್ಲ, ಮೊಳೆ ಹೊಡೆದದ್ದು ಮಣಿಕಟ್ಟಿಗೆ. ಹುಡುಗಿ ತನ್ನ ಪುಟ್ಟ ಕೈಯನ್ನೇ ನೋಡಿಕೊಂಡು, ಟೀಚರ್, ಎಷ್ಟ ನೋವಾಗಿರ್ಬೇಕು ಎಂದಿದ್ದಳು. ಅದು ಸಿಲೆಬಸ್ಸಿನಲ್ಲಿರಲಿಲ್ಲ.

ಉಜ್ವಲಾ ಬಲಗೈ ಹೆಬ್ಬೆರಳಿನಿಂದ ತನ್ನ ಎಡ ಅಂಗೈಯ ನಡುವೆ ಒತ್ತಿದಳು. ಮೆತ್ತಗಿತ್ತು. ಮಣಿಕಟ್ಟು ಒತ್ತಿದಳು. ಅಲ್ಲಿ ನಾಡಿ ಬಡಿಯುತ್ತಿತ್ತು. ಎಲ್ಲಿ ಹೊಡೆದರೂ ಅದು ಇಂಥದೇ ಒಂದು ಕೈ. ಯೇಸು ಆ ಕೈ ಹಿಂದೆಗೆದುಕೊಳ್ಳಬಹುದಿತ್ತು, ಹಿಂದೆಗೆದುಕೊಳ್ಳಲಿಲ್ಲ. ಲೋಕಕ್ಕಾಗಿ ಎಂದು ಅವಳು ನೂರು ಸಲ ಬಾಯಿಪಾಠ ಒಪ್ಪಿಸಿದ್ದಳು. ಆ ಲೋಕದಲ್ಲಿ ತಾನೂ ಇದ್ದೇನೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಎದುರಿಗೆ ಯಾರೂ ಕಾಣಲಿಲ್ಲ. ಆದರೆ ಯಾರೂ ಇಲ್ಲ ಎಂದು ಇನ್ನು ಮೇಲೆ ಹೇಳುವಂತಿರಲಿಲ್ಲ.

ಅತ್ತಳು. ಚೆಂದದ ಅಳುವಲ್ಲ, ಮೂಗು ಸುರಿಯಿತು, ಓಢಣಿ ಹಾಳಾಯಿತು, ಮೊದಲನೆಯ ಪೀರಿಯಡ್ ತಪ್ಪಿತು. ಶಾಂತಿ ಸಿಗುತ್ತದೆ ಎಂದು ಅಪ್ಪ ಭಾನುವಾರದ ಪ್ರಸಂಗದಲ್ಲಿ ಹೇಳುತ್ತಿದ್ದರು. ಅವಳಿಗೆ ಸಿಕ್ಕಿದ್ದು ಹೆದರಿಕೆ. ರವಿಕಾಂತ ಇನ್ನೇನು ತನ್ನವನಾಗಲಿದ್ದ, ದೀಕ್ಷೆಯ ದಿನ ನಿಗದಿಯಾಗಿತ್ತು.

ಹೇಳದೆ ಇರಬಹುದಿತ್ತು. ಲಿಂಗ ಕಟ್ಟಿಸಿಕೊಂಡು ಒಳಗೆ ಬೇರೆ ಹೆಸರು ಹಿಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನೂ ನಂಬದಿದ್ದಾಗ ಅದನ್ನು ಸಲೀಸಾಗಿ ಮಾಡುತ್ತಿದ್ದಳು. ಈಗ ಮಾಡಿದರೆ ಅವನು ದಿನಾ ಅಂಗೈಯಲ್ಲಿ ಇಟ್ಟುಕೊಳ್ಳುವುದಕ್ಕೂ ಅವಮಾನ, ತನಗೆ ಸಿಕ್ಕಿದ್ದಕ್ಕೂ ಅವಮಾನ.

ಅವನು ಸೋಯಾಬೀನ್ ಬಾಕಿ ವಸೂಲಿಗೆ ಉಮರ್ಗಾ ಕಡೆ ಹೋಗಿದ್ದ. ಅವಳು ರಜೆ ಹಾಕಿ ಅಲ್ಲೇ ಹತ್ತಿರದ ಯೆಣೆಗೂರಿಗೆ ಬಂದಳು. ಹೈವೇ ಪಕ್ಕದ ಧಾಬಾದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಅವನಿಗೆ ಎಲ್ಲ ಹೇಳಿದಳು. ಅವನು ಮೊದಲು ನಕ್ಕ. ನಾ ಕಲಿಸಿದ್ದೊಂದು ನೀ ಕಲ್ತಿದ್ದೊಂದು ಎಂದ. ಅವಳು ನಗದಿದ್ದಾಗ ಕೇಳಿದ, "ನಾ ಕಲಿಸೋದ್ರಾಗ ತಪ್ಪಾತೇನು?"

"ಇಲ್ಲ. ನೀ ಭಾಳ ಛಲೋ ಕಲಿಸಿದಿ."

ಸ್ವಲ್ಪ ಹೊತ್ತು ಚಹಾದ ಗ್ಲಾಸ್ ತಿರುಗಿಸಿದ. "ಹಂಗಾರ ನಾನೇ ನಿಮ್ಮ ಚರ್ಚಿಗೆ ಬರ್ತೀನಿ." ಹೇಳುವಾಗ ಅವನ ಕೈ ತಾನಾಗಿ ಎದೆಯ ಮೇಲಿನ ಕರಡಗಿಯನ್ನು ಮುಚ್ಚಿತು. ಅವಳು ಆ ಕೈಯನ್ನು ನೋಡಿದಳು.

"ಯಾರ ಸಲುವಾಗಿ ಬರ್ತಿ?"

"ನಿನ್ನ ಸಲುವಾಗಿ. ಮತ್ತ್ಯಾರು?"

"ಅದಽ ಬ್ಯಾಡ, ರವೀ. ನಾ ನಿನ್ನ ಸಲುವಾಗಿ ಲಿಂಗ ಕಟ್ಟಿಸಿಕೊಳ್ಳಾಕ ಹೊಂಟಿದ್ದೆ. ಅದು ಎಷ್ಟ ಹಗುರಿತ್ತು ನನಗ ಗೊತ್ತದ."

ಅವನು ಕೋರ್ಟ್ ಮ್ಯಾರೇಜಿನ ಮಾತು ತೆಗೆದ. ನಿನ್ನ ಯೇಸು ನಿನಗ, ನನ್ನ ಲಿಂಗ ನನಗ. ಅವ್ವ ಬೇಕಾದರೆ ಬೇರೆ ಒಲೆ ಹೂಡಲಿ, ನಾ ಅಂತೂ ನಿನ್ನ ಕೈಯಾಗಿಂದು ಮೊದಲನೇ ದಿನಾನೇ ಉಂಡೀನಿ ಎಂದ. ಅವಳಿಗೂ ಇದು ಆಗುತ್ತದೆ ಅನ್ನಿಸಿತು. ಅವನೇ ಮುಂದುವರಿಸಿದ, ದನಿ ಇಳಿಸಿ.

"ಕೂಸು ಹುಟ್ಟಿದ ಮ್ಯಾಲ ಅವ್ವ ಅದಕ್ಕ ಲಿಂಗ ಕಟ್ಟತಾಳ. ನಾನೂ ಕಟ್ಟಬೇಕಂತೀನಿ. ನಿನಗ ನಡೀತದೇನು?"

ಅವಳ ಕೈ ಕೊರಳಿನ ಶಿಲುಬೆ ಮುಟ್ಟಿತು.

"ಮೊದಲಾದ್ರ ನಡೀತಿತ್ತು," ಎಂದಳು.

ಅವನು ತಲೆ ಆಡಿಸಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ತಂದಿದ್ದ ಡಬ್ಬಿ ತೆರೆದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದರು, ಖಾರ ಜಾಸ್ತಿಯಾಗಿದೆ ಎಂದು ಇಬ್ಬರೂ ಕಣ್ಣು ಒರೆಸಿಕೊಂಡರು. ನಿಲಂಗಾದ ಬಸ್ಸು ದೂರದಲ್ಲಿ ಕಂಡಾಗ ಅವನು ಅವಳ ಎಡಗೈ ತೆಗೆದುಕೊಂಡು ಅಂಗೈ ಬಿಡಿಸಿದ. ಬೆಳಿಗ್ಗೆ ತನ್ನ ಅಂಗೈ ನೋಡುವ ಹಾಗೆಯೇ ಅದನ್ನು ನೋಡಿದ. ಅರ್ಥ ಕೇಳಲಿಲ್ಲ.

"ದಿನಾ ಕೂಡ್ರು," ಎಂದ. "ತಪ್ಪಿಸಬ್ಯಾಡ."

ಬಸ್ಸು ಹೊರಟಾಗ ಕಿಟಕಿಯ ಗಾಜಿನಲ್ಲಿ ಅವಳ ಮುಖ ಒಂದೇ ಇತ್ತು. ಡಬ್ಬಿ ಅವನ ಹತ್ತಿರವೇ ಉಳಿದದ್ದು ಆಮೇಲೆ ನೆನಪಾಯಿತು.

ಭಾನುವಾರ ಪ್ರಭುಭೋಜನದ ಸಾಲಿನಲ್ಲಿ ಅವಳು ಎಡ ಅಂಗೈ ಚಾಚಿದಳು. ಅಪ್ಪ ರೊಟ್ಟಿಯ ಚೂರು ಇಡಲು ಬಂದವರು ಅವಳ ಮುಖ ನೋಡಿ ನಿಂತರು. ಹಿಂದಿನವರು ಕಾಯುತ್ತಿದ್ದರು. ಅಪ್ಪ ಚೂರನ್ನು ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿದರು.

ಹೋದದ್ದು: ಒಬ್ಬ ರವಿಕಾಂತ, ಒಂದು ಮನೆ, ಹುಟ್ಟದ ಒಂದು ಕೂಸು, ಒಂದು ಸ್ಟೀಲ್ ಡಬ್ಬಿ.