ಮೂರನೆಯ ಪೆಡಲು

"ಡ್ರೈವರ್ ಎಲ್ಗೋದ ಅಮ್ಮಣ್ಣಿ?"

ಚಿನ್ನಸ್ವಾಮಿ ಶಿವರತ್ನಳನ್ನು ಕೇಳಿದ ಮೊದಲ ಮಾತು ಇದು. ಹನೂರಿನಿಂದ ಕಾಮಗೆರೆಗೆ ಬರುವ ದಾರಿಯಲ್ಲಿ, ಹುಣಸೆ ಮರದ ಕೆಳಗೆ, ಎರಡು ಎತ್ತಿನ ಗಾಡಿಯಷ್ಟು ಉದ್ದದ ಬಿಳಿಯ ಅಮೆರಿಕನ್ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಫ್ಯಾನ್ ಬೆಲ್ಟು ಹರಿದು, ನೀರೆಲ್ಲ ಕುದಿದು ಆವಿಯಾಗಿ ಆಗಲೇ ಮೂರು ಗಂಟೆ ಕಳೆದಿತ್ತು. ನಾಮಕರಣದ ಊಟ ಮುಗಿಸಿ ಕೊಳ್ಳೇಗಾಲಕ್ಕೆ ಹಿಂದಿರುಗುತ್ತಿದ್ದ ಶಿವರತ್ನ, ಅವಳ ಸೋದರತ್ತೆ ದೊಡ್ಡಬಸಮ್ಮ ಇಬ್ಬರೇ ಮರದ ಬೇರಿನ ಮೇಲೆ ಕೂತಿದ್ದರು. ಬಸ್ಸಿನವರ ಕೈಲಿ ಹೇಳಿ ಕಳಿಸಿದ್ದಕ್ಕೆ ಕೊಳ್ಳೇಗಾಲದಿಂದ ಲಾರಿಯೊಂದರಲ್ಲಿ ಬಂದಿಳಿದವನು ಈ ಮೆಕ್ಯಾನಿಕ್ಕು.

ದೊಡ್ಡಬಸಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಡ್ರೈವರ್ ನಿನ್ ಮುಂದ್ಗಡೆನೇ ಕುಂತವ್ಳೆ. ಕಣ್ಬುಟ್ಟು ನೋಡ್ಲಾ."

ಶಿವರತ್ನ ಎದ್ದು ನಿಂತಳು. ಎಳವೆಯಲ್ಲಿ ಬಂದ ಜ್ವರವೊಂದು ಅವಳ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಆ ಕಾಲು ಅರ್ಧ ಹೆಜ್ಜೆ ತಡವಾಗಿ ಹಿಂಬಾಲಿಸುವುದನ್ನು ಕಂಡವರು ಸಾಮಾನ್ಯವಾಗಿ ಕಾಲನ್ನೇ ನೋಡುತ್ತಿದ್ದರು, ಇಲ್ಲವೇ ಅಯ್ಯೋ ಎನ್ನುತ್ತಿದ್ದರು. ಇವನು ಎರಡನ್ನೂ ಮಾಡಲಿಲ್ಲ. ಥಟ್ಟನೆ ಕಾರಿನ ಕಡೆಗೆ ತಿರುಗಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಸ್ವಲ್ಪ ಹೊತ್ತು ಹುಡುಕಾಡಿ, ಗಾಬರಿಯಿಂದ ಹೊರಬಂದ.

"ಒಂದು ಪೆಡ್ಲು ದಾರಿನಲ್ಲೆಲ್ಲಾರ ಬಿದ್ದೋಗದಾ?"

ಶಿವರತ್ನಳಿಗೆ ನಗು ತಡೆಯಲಾಗಲಿಲ್ಲ. "ಬಿದ್ದಿಲ್ಲ. ಇದಕ್ಕಿರೋದೇ ಎರಡು. ಗೇರು ತಾನಾಗೇ ಬದಲಾಗುತ್ತೆ, ಕ್ಲಚ್ಚೇ ಇಲ್ಲ. ನೀವು ಇಂಥ ಕಾರು ನೋಡಿಲ್ವಾ?"

ನೋಡಿಲ್ಲವೆಂದು ಅವನು ಒಪ್ಪಿಕೊಂಡ. ಅವನ ಕಿವಿ ಕೆಂಪಾಗಿದ್ದು ಪೆಡಲಿನ ವಿಷಯಕ್ಕಲ್ಲ, ಅವಳು 'ನೀವು' ಎಂದದ್ದಕ್ಕೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಆ ಕಾರನ್ನು ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಅವಳ ತಂದೆ, ರೇಷ್ಮೆ ವ್ಯಾಪಾರಿ ಸದಾಶಿವಪ್ಪನವರು ಕೊಂಡಿದ್ದರು. ಊರವರು ಡೌಲಿಗೆ ಕೊಂಡರೆಂದುಕೊಂಡರು. ಅವರು ಕೊಂಡದ್ದು ಅದರಲ್ಲಿ ಎಡಗಾಲಿಗೆ ಕೆಲಸವಿಲ್ಲ ಎಂಬ ಒಂದೇ ಕಾರಣಕ್ಕೆ. ನಾಲ್ಕು ವರ್ಷದಿಂದ ಶಿವರತ್ನ ದಿನವೂ ಅದನ್ನು ತಾನೇ ಓಡಿಸಿಕೊಂಡು ಯಳಂದೂರಿನ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಹೋಗಿ ಬರುತ್ತಿದ್ದಳು. ಮನೆಯ ಮೆಟ್ಟಿಲಲ್ಲಿ, ಮಠದ ಅಂಗಳದಲ್ಲಿ, ಸಂತೆಯಲ್ಲಿ, ಎಲ್ಲೆಲ್ಲೂ ಯಾರದಾದರೊಂದು ಕೈ ಅವಳ ರಟ್ಟೆ ಹಿಡಿದಿರುತ್ತಿತ್ತು. ಕಾರಿನೊಳಗೆ ಮಾತ್ರ ಯಾರೂ ಹಿಡಿಯುತ್ತಿರಲಿಲ್ಲ.

ಬೆಲ್ಟು ಸಿಗಬೇಕಾದರೆ ಮರುದಿನ ಮೈಸೂರಿಗೆ ಹೋಗಬೇಕಿತ್ತು. ಹೊತ್ತು ಇಳಿಯುತ್ತಿತ್ತು. ಇಬ್ಬರು ಹೆಂಗಸರನ್ನು ರಸ್ತೆಯಲ್ಲಿ ಕೂರಿಸಲು ಚಿನ್ನಸ್ವಾಮಿಗೆ ಮನಸ್ಸಾಗಲಿಲ್ಲ. ಯಾವ ವಾಹನ ಕೆಟ್ಟು ನಿಂತರೂ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಸರಪಳಿ ಕಟ್ಟಿ, ಲಾರಿಯಿಂದ ಎಳೆದು ತರುವುದು ಅಲ್ಲಿಯವರ ರೂಢಿ. ಅವನೂ ಹಾಗೇ ಮಾಡಿದ. ತಾನು ಬಂದಿದ್ದ ಲಾರಿಯ ಮುಂದಿನ ಸೀಟಿಗೆ ಟವಲು ಹಾಸಿ ಹೆಂಗಸರನ್ನು ಕೂರಿಸಿ, ತಾನು ಕಾರಿನ ಸ್ಟೀರಿಂಗು ಹಿಡಿದು, ದೀಪ ಹಚ್ಚುವ ಹೊತ್ತಿಗೆ ಅವರನ್ನು ಮನೆ ಮುಟ್ಟಿಸಿದ.

ಮರುದಿನ ಬೆಲ್ಟು ಹಾಕಿದ. ಎಂಜಿನ್ನು ಮೊದಲಿನಂತೆಯೇ ಮೆಲ್ಲಗೆ ಗುನುಗಿತು. ಆದರೆ ಕಾರು ಇದ್ದ ಜಾಗದಿಂದ ಒಂದು ಗೇಣೂ ಅಲುಗಲಿಲ್ಲ.

*

ಆ ಗೇರ್‌ಬಾಕ್ಸು ಬಿಚ್ಚಬಲ್ಲವರು ಮೈಸೂರಿನಲ್ಲೂ ಸಿಗಲಿಲ್ಲ, ಅದರ ಬಿಡಿಭಾಗ ಮದರಾಸಿನಲ್ಲೂ ಇರಲಿಲ್ಲ. ಅದನ್ನು ತೆಗೆದು, ಕೈಯಲ್ಲಿ ಹಾಕುವ ಮಾಮೂಲಿ ಗೇರ್‌ಬಾಕ್ಸು ಕೂರಿಸುವುದೊಂದೇ ದಾರಿ ಎಂದು ಚಿನ್ನಸ್ವಾಮಿ ಹೇಳಿದ. ಸದಾಶಿವಪ್ಪನವರು ಹೂಂ ಎಂದರು. ಮಗಳ ಕಡೆ ನೋಡದೆ ಇನ್ನೊಂದು ಮಾತನ್ನೂ ಸೇರಿಸಿದರು. ಕ್ಲಚ್ಚು ಬಂದ ಮೇಲೆ ಅವಳ ಕೈಲಿ ಆಗುವುದಿಲ್ಲ, ಶಾಲೆ ಶುರುವಾಗುವ ಹೊತ್ತಿಗೆ ಒಬ್ಬ ಡ್ರೈವರನ್ನು ನೋಡಬೇಕು, ರತ್ನ ಹಾಯಾಗಿ ಹಿಂದೆ ಕೂತು ಹೋಗಲಿ.

ಹಾಯಾಗಿ ಎಂಬ ಪದ ಶಿವರತ್ನಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಬೇಸಿಗೆ ರಜೆ. ಹಿತ್ತಲ ಗಾಡಿ ಕೊಟ್ಟಿಗೆಯಲ್ಲಿ ಕೆಲಸ ನಡೆಯಿತು. ಮೈಸೂರಿನ ಗುಜರಿಯಿಂದ ಅದೇ ಜಾತಿಯ ಜಖಂ ಆದ ಕಾರೊಂದರ ಮೂರು ಗೇರಿನ ಬಾಕ್ಸು ಬಂತು. ಫ್ಲೈವ್ಹೀಲು, ಕ್ಲಚ್ ಪ್ಲೇಟು, ಪೆಡಲು, ಒಂದೊಂದಾಗಿ ಬಂದವು. ಉದ್ದವಾಗಿದ್ದ ಶಾಫ್ಟನ್ನು ಕೊಯ್ದು ಬೆಸೆಯಬೇಕಾಯಿತು. ಎರಡು ಪೆಡಲುಗಳ ಪಕ್ಕದಲ್ಲಿ ಮೂರನೆಯದಕ್ಕಾಗಿ ಚಿನ್ನಸ್ವಾಮಿ ತಗಡು ಕೊರೆಯುವಾಗ ಶಿವರತ್ನ ಎದ್ದು ಒಳಗೆ ಹೋದಳು. ಅದು ಮುಗಿಯುವವರೆಗೂ ಬರಲಿಲ್ಲ.

ಕೊಟ್ಟಿಗೆಯ ಹೊಸ್ತಿಲು ಎತ್ತರ. ಒಂದು ಬೆಳಿಗ್ಗೆ ಅದಕ್ಕೆ ಇಳಿಜಾರಾಗಿ ಹಲಗೆಯೊಂದನ್ನು ಬಡಿಯಲಾಗಿತ್ತು. ಏಕೆಂದು ಕೇಳಿದ್ದಕ್ಕೆ, ಸಾಮಾನು ಉರುಳಿಸಿಕೊಳ್ಳಲು ಎಂದ ಚಿನ್ನಸ್ವಾಮಿ. ಸಾಮಾನೆಲ್ಲ ಒಳಗೆ ಬಂದು ಅಷ್ಟರಲ್ಲಿ ವಾರವಾಗಿತ್ತು. ಅಂದಿನಿಂದ ಅವನ ಕಾಫಿ, ಆಳುಗಳಿಗೆಂದು ಗೂಡಿನಲ್ಲಿಟ್ಟಿದ್ದ ಲೋಟದಲ್ಲಿ ಬರಲಿಲ್ಲ, ಮನೆಯವರ ಲೋಟದಲ್ಲಿ ಬಂತು. ಅವನು ಕುಡಿದು, ಎರಡು ಸಲ ತೊಳೆದು, ಮಗುಚಿ ಹಲಗೆಯ ಮೇಲಿಡುತ್ತಿದ್ದ.

ದೊರೆ ಬಿಟ್ಟು ಹೋಗಿದ್ದ ಕಾರಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಳತೆಗಳಿಗಾಗಿ ಅವನು ಅವಳಿಂದ ಓದಿಸುತ್ತಿದ್ದ. ಅವಳು ಓದಿ ಕನ್ನಡದಲ್ಲಿ ಹೇಳುವಾಗ ಅವನು ಸ್ಪ್ಯಾನರು ಹಿಡಿದುಕೊಂಡೇ ಅವಳ ತುಟಿಯನ್ನು ನೋಡುವನು. ಅವಳು ತಲೆಯೆತ್ತಿದರೆ ನಟ್ಟೊಂದನ್ನು ಹುಡುಕುವನು. ನಟ್ಟು ಅವನ ಅಂಗೈಯಲ್ಲೇ ಇರುತ್ತಿತ್ತು.

ಹಾಗೇ ಓದುತ್ತಿದ್ದ ಒಂದು ಮಧ್ಯಾಹ್ನ ಅವಳ ಕಣ್ಣು ಒಂದು ಪುಟದ ಮೇಲೆ ಬಿತ್ತು. ಕಾರು ಕೆಟ್ಟರೆ, ಹಿಂದಿನ ಚಕ್ರ ನೆಲಕ್ಕೆ ತಾಗಿದಂತೆ ಎಳೆಯಬಾರದು. ಎಂಜಿನ್ನು ನಿಂತಿರುವಾಗ ಗೇರ್‌ಬಾಕ್ಸಿಗೆ ಎಣ್ಣೆ ಹರಿಯುವುದಿಲ್ಲ, ಒಳಗಿನದೆಲ್ಲ ಸುಟ್ಟುಹೋಗುತ್ತದೆ.

ಹುಣಸೆ ಮರದಿಂದ ಕೊಳ್ಳೇಗಾಲದವರೆಗೆ ಹನ್ನೆರಡು ಮೈಲಿ. ಎಳೆದು ತಂದವನು ಎದುರಿಗೇ ಕೂತಿದ್ದ, ತೊಡೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ.

"ಆ ಪುಟ್ದಾಗೆ ಯಾನ ಬರ್ದವ್ರೆ?" ಎಂದ.

"ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ," ಎಂದು ಅವಳು ಪುಟ ತಿರುವಿದಳು.

*

ಕಾಲು ಒತ್ತುವ ಕೆಲಸವನ್ನು ಕೈ ಮಾಡಬಾರದೇಕೆ ಎಂದು ಕೇಳಿದವಳು ಅವಳೇ. ನಾಲ್ಕನೆಯ ದಿನ ಚಿನ್ನಸ್ವಾಮಿ ಹಳೆಯ ಲಾರಿಯೊಂದರ ಹ್ಯಾಂಡ್‌ಬ್ರೇಕ್ ಸನ್ನೆಕೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಅದನ್ನು ಅವಳ ಬಲಗಡೆ, ಬಾಗಿಲ ಪಕ್ಕಕ್ಕೆ ಕೂರಿಸಿ, ಕೆಳಗಿನಿಂದ ಸರಳು ಹಾಯಿಸಿ ಕ್ಲಚ್ಚಿಗೆ ಜೋಡಿಸಿದ. ಬಲಗೈ ಸನ್ನೆ ಎಳೆಯಬೇಕು, ಎಡಗೈ ಗೇರು ಹಾಕಬೇಕು, ಆ ಒಂದು ಕ್ಷಣ ಸ್ಟೀರಿಂಗನ್ನು ಯಾರೂ ಹಿಡಿದಿರುವುದಿಲ್ಲ. ಆದ್ದರಿಂದ ನೇರ ದಾರಿ ಕಂಡಾಗಲೇ ಗೇರು ಬದಲಿಸಬೇಕು. ತಪ್ಪಿದರೆ ಹಲ್ಲಿಗೆ ಹಲ್ಲು ಉಜ್ಜಿ ಇಡೀ ಬೀದಿಗೆ ಕೇಳುವಂತೆ ಕರಕರ ಎನ್ನುತ್ತಿತ್ತು.

ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಬೆಳಗಿನ ಹೊತ್ತು ಅಭ್ಯಾಸ. ಅವನು ಪಕ್ಕದ ಸೀಟಿನಲ್ಲಿ ಬಾಗಿಲಿಗೆ ಒತ್ತಿಕೊಂಡು ಕೂರುವನು. ಕಾವಲಿಗೆಂದು ಹಿಂದೆ ದೊಡ್ಡಬಸಮ್ಮ. ಶಿವರತ್ನಳ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಮರುದಿನ ಸನ್ನೆಯ ಹಿಡಿಗೆ ಹಳೆಯ ರೇಷ್ಮೆ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಯಾರು ಸುತ್ತಿದರೆಂದು ಅವಳು ಕೇಳಲಿಲ್ಲ. ಹದಿನೈದು ದಿನಕ್ಕೆ ಕಾರು ಅವಳ ಮಾತು ಕೇಳತೊಡಗಿತು.

ಒಂದು ಸಂಜೆ ಸದಾಶಿವಪ್ಪನವರು ಚಿನ್ನಸ್ವಾಮಿಯನ್ನು ಜಗಲಿಗೆ ಕರೆದು, ಈ ಸನ್ನೆ ಗಿನ್ನೆ ಆಗದಿದ್ದರೆ ನೀನೇ ಡ್ರೈವರಾಗಿ ಬಂದುಬಿಡು, ನಂಬಿಕೆಯವನು ಎಂದರು. ಬಾಗಿಲ ಮರೆಯಲ್ಲಿದ್ದ ಶಿವರತ್ನಳಿಗೆ ಅದು ಕೇಳಿಸಿತು.

ಮರುದಿನ ಮಾಂಬಳ್ಳಿ ದಾರಿಯಲ್ಲಿ ಅವಳು ಸನ್ನೆಯನ್ನು ಒಮ್ಮೆಲೇ ಬಿಟ್ಟಳು. ಕಾರು ಜಿಗಿದು ಆಫಾಯಿತು. ಮತ್ತೆ ಶುರು ಮಾಡಿದಳು, ಮತ್ತೆ ಹಾಗೇ. ಮೂರನೆಯ ಸಲಕ್ಕೆ ಅವನು ಅವಳನ್ನು ಮೊದಲ ಬಾರಿಗೆ ನೇರವಾಗಿ ನೋಡಿದ.

"ನಿನ್ನೆ ಬತ್ತಿತ್ತು. ಇವತ್ಯಾಕೆ ಬರಲ್ಲ?"

"ಬರದಿದ್ರೆ ನೀವೇ ಓಡಿಸ್ತೀರಲ್ಲ," ಎಂದಳು. ಹೇಳಿದ ಮೇಲೆ ಮುಖ ಬೆಚ್ಚಗಾಯಿತು.

ಹಿಂದಿನ ಸೀಟಿನಲ್ಲಿ ದೊಡ್ಡಬಸಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದಳು. ಆಗ ಬೆಳಿಗ್ಗೆ ಎಂಟು ಗಂಟೆ.

ಚಿನ್ನಸ್ವಾಮಿ ಹೇಳಿದ: "ನಾನು ಮುಂದೆ ಕುಂತ್ರೆ ನೀವು ಹಿಂದೆ ಕುಂತ್ಕಬೇಕು ಅಮ್ಮಣ್ಣಿ. ಕನ್ನಡಿನಾಗೆ ನಿಮ್ಮುಖ ನೋಡ್ಕಂಡು ನನ್ ಆಯಸ್ಸು ಕಳ್ದೋಯ್ತದೆ. ನನ್ ಬೆನ್ನು ನೋಡ್ಕಂಡು ನಿಮ್ದೂ ಕಳ್ದೋಯ್ತದೆ. ಇವತ್ತು ಪಕ್ಕದಾಗೆ ಕುಂತಿವ್ನಿ. ಶುರು ಮಾಡಿ."

ಅವಳು ಶುರು ಮಾಡಿದಳು. ಅಂದು ಗೇರು ಒಂದು ಸಲವೂ ಕರಕರ ಎನ್ನಲಿಲ್ಲ.

*

ಶಾಲೆ ಶುರುವಾಗುವ ದಿನ ಚಿನ್ನಸ್ವಾಮಿ ಯಳಂದೂರಿನವರೆಗೆ ಜೊತೆಗೆ ಬರುವುದೆಂದಾಯಿತು. ಅಲ್ಲಿಂದ ಅವನು ಚಾಮರಾಜನಗರದ ಬಸ್ಸು ಹಿಡಿದು, ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋಗುವವನಿದ್ದ. ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದೆ ಎಂದು ಸದಾಶಿವಪ್ಪನವರಿಗೆ ಹೇಳಿದ್ದ. ಅವರು ಬೇಜಾರಿನಿಂದಲೇ ಹೊಸ ಪಂಚೆ ಕೊಟ್ಟು ಕಳಿಸಿದ್ದರು.

ದೊಡ್ಡಬಸಮ್ಮ ಕಾರು ಹತ್ತಿದಾಗಿನಿಂದಲೇ ಸೆರಗು ಹೊದ್ದಿದ್ದಳು. ಗೊರಕೆ ಮಾತ್ರ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಶಿವರತ್ನ ಕಾರು ನಿಲ್ಲಿಸಿದಳು. ಅವನು ಇಳಿಯಲಿಲ್ಲ.

"ಟೈರಿನ ಗಾಳಿ ಅಂದ್ರಲ್ಲ, ಆ ಪುಟ," ಎಂದ. "ಅದ್ರಾಗೆ ಎಳ್ಕಂಡೋಗೋ ವಿಷ್ಯ ಇತ್ತು ಅಲ್ವಾ?"

ಅವಳ ಕೈ ಸನ್ನೆಯ ಮೇಲೇ ನಿಂತಿತು.

"ಬಾಕ್ಸು ಇಳ್ಸಿದ್ ದಿನ್ವೇ ಎಣ್ಣೆ ಸುಟ್ಟಿರೋದು ಕಂಡಿತ್ತು. ಈಗ ಕೆಲ್ಸ ಕೊಟ್ಟಿರೋ ಕೊಯಮತ್ತೂರಿನ ಮೇಸ್ತ್ರಿಗೆ ಕಾಗ್ದ ಹಾಕಿ ಕೇಳ್ದೆ. ಎಳ್ದೆಯೇನೋ ಅಂದ್ರು. ನಿಮ್ ತಾವ ಹೇಳಕ್ಕೆ ಬಾಯಿ ಬರ್ನಿಲ್ಲ. ನೀವೇ ಓದಿ ಗೊತ್ತಾಗ್ಲಿ, ಬೈಸ್ಕಳವಾ ಅಂತ ಪುಸ್ತಕ ಓದುಸ್ದೆ. ನೀವು ಪುಟ ತಿರುವ್ಬುಟ್ರಿ."

"ನಿಮಗೆ ನೋವಾಗುತ್ತೆ ಅಂತ," ಎಂದಳು.

"ಬೈದಿದ್ರೆ ಇಲ್ಲೇ ಇದ್ದುಬುಡ್ತಿದ್ದೆ. ನಿಮ್ಮನೆ ಆಳಾಗೇ ಇರ್ತಿದ್ದೆ. ಬೈನಿಲ್ವಲ್ಲ. ಅವತ್ತಿಂದ ನಂಗೆ ಆಳಾಗಿರಕ್ಕೆ ಆಯ್ತಿಲ್ಲ ಅಮ್ಮಣ್ಣಿ. ಬೇರೆ ಯಾನೂ ಆಗಿರಕ್ಕೆ ಈ ಊರ್ನಾಗೆ ಜಾಗಿಲ್ಲ."

"ಅಮ್ಮಣ್ಣಿ ಅನ್ನಬೇಡಿ," ಎಂದಳು ಶಿವರತ್ನ. "ಇವತ್ತೊಂದು ದಿನ."

ಅವನು ಅವಳ ಹೆಸರನ್ನು ಹೇಳಿದ. ಎಂಜಿನ್ನಿನ ಸದ್ದಿಗಿಂತ ಮೆಲ್ಲಗೆ, ಒಂದೇ ಸಲ. ಆಮೇಲೆ ಇಳಿದು, ಟ್ರಂಕು ತೆಗೆದುಕೊಂಡು, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದ.

ಶಾಲೆ ಊರಿನ ಆಚೆ ತುದಿಯಲ್ಲಿತ್ತು. ಶಿವರತ್ನ ಸನ್ನೆ ಎಳೆದು ಮೊದಲನೆಯ ಗೇರು ಹಾಕಿದಳು. ಕಣ್ಣು ತುಂಬಿ ದಾರಿ ಅಲುಗಾಡುತ್ತಿತ್ತು. ತಿರುಗಿ ನೋಡದಿದ್ದರೂ ಅವಳಿಗೆ ಗೊತ್ತಿತ್ತು, ಅವನು ಬಸ್ಸಿನ ಕಡೆ ನೋಡುತ್ತಿಲ್ಲ, ರಸ್ತೆಯ ಅಂಚಿನಲ್ಲಿ ನಿಂತು ಈ ಕಾರಿಗೆ ಕಿವಿಗೊಟ್ಟಿದ್ದಾನೆ. ಈಗ ಗೇರು ಉಜ್ಜಿದರೆ ಅವನು ಬಸ್ಸು ಹತ್ತುವುದಿಲ್ಲ. ಅಷ್ಟು ಸಾಕಿತ್ತು. ಒಂದು ಸಲ ಕೈ ತಪ್ಪಿದರೆ ಸಾಕಿತ್ತು.

ಅವಳು ಉಸಿರು ಹಿಡಿದು ಎರಡನೆಯದು ಹಾಕಿದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟು, ನೇರ ರಸ್ತೆ ಕಾಣುವವರೆಗೆ ಕಾದು, ಸನ್ನೆ ಎಳೆದು ಮೂರನೆಯದು ಹಾಕಿದಳು. ಒಂದಿಷ್ಟೂ ಸದ್ದಾಗಲಿಲ್ಲ.

ಹಿಂದೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಆಮೇಲೆ ಅದು ಹೊರಟ ಸದ್ದು. ಶಿವರತ್ನ ಶಾಲೆಯ ಗೇಟನ್ನೂ ದಾಟಿ, ಇನ್ನೂ ಅಷ್ಟು ದೂರ ಹೋದಳು. ಅವನಿಗೆ ಇನ್ನು ಏನೂ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಅತ್ತಳು.